ಟವೆಲಿನ ಕೆಳಗೆ ಮಾವನವರ ಜರ್ಮನ್ ಪಿಸ್ತೂಲು

ಮನೆಯಲ್ಲಿರುವ ಹಳೆಯ ವಸ್ತುವಿಗೆ ಬೆಲೆ ಕಟ್ಟಿಸಬಾರದು. ಮನುಷ್ಯರ ವಿಷಯದಲ್ಲೂ ನನ್ನದು ಇದೇ ಮಾತು. ನಾನೂ ನಮ್ಮ ಯಜಮಾನರೂ ಮೂವತ್ತು ವರ್ಷ ಬಾಳಿದೆವು. ಯಾರೂ ಬಂದು ಇವಳಿಗೆ ಇಷ್ಟು, ಇವನಿಗೆ ಇಷ್ಟು ಎಂದು ಹೇಳಲಿಲ್ಲ, ಅದಕ್ಕೇ ಬಾಳಿದೆವು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ ಇಷ್ಟು ಗೊತ್ತು. ಎಸ್ಸೆಸ್ಸೆಲ್ಸಿ ಮಾಡಿದ ನನ್ನ ಮಗ ಗಂಗಾಧರನಿಗೆ ಗೊತ್ತಿಲ್ಲ.

ವಸ್ತು ಯಾವುದೆಂದರೆ ನಮ್ಮ ಮಾವನವರ ಜರ್ಮನ್ ಪಿಸ್ತೂಲು. ಮೊದಲನೇ ಮಹಾಯುದ್ಧಕ್ಕೆ ಹೋಗಿ, ಜರ್ಮನ್ ಆಫೀಸರನೊಬ್ಬನನ್ನು ಕೆಡವಿ ಕಿತ್ತುಕೊಂಡು ಬಂದದ್ದಂತೆ. ಮಾವನವರು ಯುದ್ಧದಲ್ಲಿ ಹೇಸರಗತ್ತೆಗಳಿಗೆ ಹುಲ್ಲು ಹಾಕುತ್ತಿದ್ದರೆಂದು ಅತ್ತೆ ಒಮ್ಮೆ ಒರಳ ಮುಂದೆ ಕೂತು ಹೇಳಿದ್ದರು. ಹುಲ್ಲು ಹಾಕುವವರ ಕೈಗೆ ಆಫೀಸರ್ ಹೇಗೆ ಸಿಕ್ಕಿದ ಎಂದು ನಾನು ಕೇಳಲಿಲ್ಲ. ಸೊಸೆಯಾದವಳು ಕೇಳುವ ಪ್ರಶ್ನೆಯಲ್ಲ. ಪಿಸ್ತೂಲಿಗೆ ಗುಂಡೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ಆದರೆ ಇಡೀ ಅಡಿಕೆ ನುಂಗುವಷ್ಟು ದೊಡ್ಡ ಬಾಯಿತ್ತು. ಯಜಮಾನರು ಹೋದ ಮೇಲೆ ಆ ಬಾಯನ್ನು ಸೆರಗಿನಿಂದ ಇಣುಕಿಸಿಕೊಂಡು ದಿನಾ ಸಂಜೆ ತೋಟ ಸುತ್ತುತ್ತಿದ್ದೆ. ಅಕ್ಕಪಕ್ಕದ ತೋಟಗಳಲ್ಲಿ ಗೊನೆಗೊನೆಯೇ ಇಳಿದುಹೋದರೂ ನಮ್ಮಲ್ಲಿ ಒಂದು ತೆಂಗಿನಕಾಯಿಯೂ ಕಳುವಾಗಲಿಲ್ಲ.

ಗಂಗಾಧರ ಪೇಪರಿನಲ್ಲಿ ಏನೋ ಓದಿ ಬಂದ. "ಫಾರಿನ್ನೋರು ಹಳೇ ಪಿಸ್ತೂಲಿಗೆ ಬಾಯ್ಬಾಯಿ ಬಿಡ್ತಾರಂತೆ ಕಣವ್ವ. ಮಾರಿದ್ರೆ ಒಂದು ಮೋಟರ್ ಸೈಕಲ್ ಬತ್ತದೆ."

"ಯಾಕ್ಲಾ, ಊರ ಮುಂದಿನ ತೋಟಕ್ಕೆ ಹೋಗಕ್ಕೆ ಕಾಲು ಸವೆದೋದ್ವಾ?" ಎಂದೆ.

ಕೇಳಲಿಲ್ಲ. ದಂಡಿನಶಿವರದಿಂದ ಒಬ್ಬ ಹವಾಲ್ದಾರರನ್ನು ಕರೆತಂದ. ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು, ಪಿಂಚಣಿ ಬಂದ ಮೇಲೆ ಎತ್ತಿನ ವ್ಯಾಪಾರಕ್ಕೆ ಇಳಿದಿದ್ದರು. ಜಗಲಿಯಲ್ಲಿ ಅರ್ಧ ಊರು ನೆರೆದಿತ್ತು. ಹವಾಲ್ದಾರರು ಸೀಮೆಎಣ್ಣೆ ಹಚ್ಚಿ ಒರೆಸಿ, ಮುದ್ರೆ ಓದಿ, "ಜರ್ಮನಿದೇ. ಮಿಲಿಟ್ರಿದೇ" ಎಂದರು. ಜಗಲಿ ಅರಳಿತು. ಆಮೇಲೆ ಬಾಯೊಳಗೆ ಇಣುಕಿದರು. ಅವರ ಮುಖ ಸಪ್ಪಗಾಯಿತು. "ಕುಡಿಯೋಕೆ ನೀರು ಕೊಡವ್ವ" ಎಂದು ನನ್ನ ಹಿಂದೆಯೇ ನಡುಮನೆಗೆ ಬಂದರು.

"ಇದು ಕೊಲ್ಲೋ ಪಿಸ್ತೂಲಲ್ಲ ಕಣವ್ವ. ಕತ್ತಲಲ್ಲಿ ಆಕಾಶಕ್ಕೆ ಬೆಳಕು ಹಾರಿಸೋದು, ನಮ್ಮ ದೀಪಾವಳಿ ಬಾಣ ಇದ್ದಂಗೆ. ಒಳಗೆಲ್ಲ ತುಕ್ಕು ತಿಂದದೆ. ಗುಜರಿಗೆ ಹಾಕಿದ್ರೆ ಎರಡು ರೂಪಾಯಿ."

"ಈ ಮಾತು ಜಗಲಿಗೆ ಹೋದ್ರೆ ನನ್ನ ತೋಟದಾಗೆ ಬರೀ ಗರಿ ಉಳೀತದೆ ಕಣಪ್ಪ!"

"ನಾನು ಸುಳ್ಳು ಹೇಳಾಕಿಲ್ಲ."

"ಹೇಳಿ ಅಂದೋರ್ಯಾರು? ಎತ್ತಿನ ವ್ಯಾಪಾರ ಮಾಡ್ತೀರಲ್ಲ, ಟವೆಲ್ ಹಾಕಿ."

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಹೆಂಗಸೊಬ್ಬಳು ಟವೆಲಿನ ಕೆಳಗೆ ಕೈ ಇಟ್ಟದ್ದನ್ನು ನಮ್ಮೂರು ನೋಡಿದ್ದು ಅಂದೇ. ಜಗಲಿಗೆ ಬಂದು ಎಲ್ಲರೆದುರು ಹವಾಲ್ದಾರರು ನನ್ನ ಎರಡು ಬೆರಳು ಹಿಡಿದರು. "ಅಷ್ಟಕ್ಕೆಲ್ಲ ಕೊಡಕ್ಕಾಗಲ್ಲ ಬುಡಿ" ಎಂದು ಗಟ್ಟಿಯಾಗಿ ಹೇಳಿದೆ. ಇಬ್ಬರೂ ಸುಳ್ಳಾಡಲಿಲ್ಲ. ಆ ಕೆಲಸವನ್ನು ಜಗಲಿಯವರು ವಹಿಸಿಕೊಂಡರು. ಎರಡು ಬೆರಳು ಅಲ್ಲಾಡಿದ್ದು ಯಾರಿಗೋ ಕಂಡಿತಂತೆ. ಬೀದಿಯ ಕೊನೆಗೆ ಅದು ಎರಡು ಸಾವಿರವಾಯಿತು, ತುರುವೇಕೆರೆ ಮುಟ್ಟುವಷ್ಟರಲ್ಲಿ ಎರಡು ಲಕ್ಷ.

ಗೆದ್ದೆ ಎಂದುಕೊಂಡೆ. ಸಂಜೆ ತೋಟಕ್ಕೆ ಹೊರಡುವಾಗ ನೋಡಿದರೆ ಪಿಸ್ತೂಲೇ ಇಲ್ಲ! ಗಂಗಾಧರ ಅದನ್ನು ತನ್ನ ಮದುವೆಯ ರೇಷ್ಮೆ ಪಂಚೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. "ಲಕ್ಷಗಟ್ಲೆ ಮಾಲು ಕಣವ್ವ. ತೋಟದಾಗೆ ಬೀಳಿಸ್ಕಂಡು ಬಂದೀಯ." ಸಾಲದ್ದಕ್ಕೆ ಬೀಗ ಹಾಕಿದ ಸುದ್ದಿಯನ್ನು ಊರಿಗೆಲ್ಲ ತಾನೇ ಸಾರಿದ. ನಿಜ ಹೇಳಿದರೆ ಪಿಸ್ತೂಲು ನನ್ನ ಕೈಗೆ ಬರುತ್ತಿತ್ತು, ಹೆದರುವವರು ಇರುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಬರಿಗೈಯಲ್ಲಿ ಹೊರಟೆ. ಇನ್ನು ಈ ತೋಟ ಕಳ್ಳರದ್ದೇ ಎಂದು ಪ್ರತಿ ಮರವನ್ನೂ ಕಣ್ತುಂಬ ನೋಡಿಕೊಂಡು ಬಂದೆ.

ಆರು ತಿಂಗಳಾಯಿತು. ಬರಿಗೈಯಲ್ಲೇ ಸುತ್ತುತ್ತಿದ್ದೇನೆ. ಪಿಸ್ತೂಲು ಪೆಟ್ಟಿಗೆಯಲ್ಲಿದೆ ಎಂದು ಗೊತ್ತಿದ್ದೂ ಕಂಡವರು ಮೊದಲಿನಂತೆಯೇ ಬೇಲಿ ಬಿಟ್ಟು ಸರಿದು ಹೋಗುತ್ತಾರೆ. ಒಂದು ಕಾಯೂ ಹೋಗಿಲ್ಲ. ಸಂತೋಷಪಡಬೇಕಾದದ್ದೇ. ಆದರೆ ಮೊನ್ನೆ ತಲೆ ಬಾಚಲು ಕೂತವಳು ಬಾಚಣಿಗೆ ಕೆಳಗಿಟ್ಟು ಕನ್ನಡಿಯಲ್ಲಿ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದೆ. ಆಮೇಲೆ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ತಡಕಾಡಿಕೊಂಡೇ ಬೈತಲೆ ತೆಗೆದೆ.