ವಿಚಾರಣೆ ಕಿಟಕಿಯ ಕುರ್ಚಿ

ದರ್ಜಿ ಮಾಡಿದ ತಪ್ಪು ಒಂದೇ: ಸರ್ಕಾರಿ ಕಿಟಕಿಯಲ್ಲಿ ಕೇಳಿದ ಮಾತನ್ನು ನಂಬಿದ್ದು. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲಾಗದೆ ಭತ್ಯೆ ಕೇಳಲು ಹೋದಾಗ, "ಮೊದ್ಲು ಅಂಗಡಿ ಮುಚ್ಚಿ, ಆಮೇಲೆ ಅರ್ಜಿ ಹಾಕಿ" ಎಂದಿದ್ದರು. ಮುಚ್ಚಿದ. ಹೊಲಿಗೆ ಮಿಷನ್ನನ್ನೂ ಮಾರಿದ. ಇಂದು ಬೆಳಿಗ್ಗೆ ನೋಡಿದರೆ ಅರ್ಜಿ ತಿರಸ್ಕಾರವಾಗಿತ್ತು. ದರ್ಜಿಗಳಲ್ಲಿ ಅಂಗಡಿ ನಡೆಸುವವರಿಗೆ ಮಾತ್ರ ಭತ್ಯೆಯಂತೆ!

"ಅವ್ರು ತಪ್ಪು ಹೇಳಿದ್ರೆ ನಷ್ಟ ಅವ್ರೇ ತುಂಬ್ಬೇಕು. ನಡೀರಿ!" ಎಂದು ಪಕ್ಕದ ಮನೆಯ ಮೇಷ್ಟ್ರು ಹೊರಟೇಬಿಟ್ಟರು. ತಮ್ಮ ಮನೆಯ ನಲ್ಲಿ ಸೋರುವುದನ್ನು ನಿಲ್ಲಿಸಲಾಗದಿದ್ದರೂ ಊರಿನ ನ್ಯಾಯವೆಲ್ಲ ಅವರದೇ.

ಅಧಿಕಾರಿ ಆಶ್ಚರ್ಯವಾಗುವಷ್ಟು ಒಳ್ಳೆಯವರು. "ನಮ್ಮ ನೌಕರ ತಪ್ಪು ಹೇಳಿದ್ರೆ ಪರಿಹಾರ ಕೊಡ್ಲೇಬೇಕು. ಯಾರು ಹೇಳಿದ್ದು, ತೋರ್ಸಿ."

ದರ್ಜಿಗೆ ಮಿಷನ್ ವಾಪಸ್ ಬಂದಷ್ಟೇ ಸಂತೋಷವಾಯಿತು. ಕಿಟಕಿಯವನನ್ನು ಕರೆಸಿದರು. ಅವನು ಒಂದೇ ಮಾತಿಗೆ ಒಪ್ಪಿಕೊಂಡ.

"ಹೌದು ಸಾರ್, ನಾನೇ ಹೇಳಿದ್ದು."

"ನೀವ್ಯಾರ್ರೀ?"

"ಬಡಗಿ ಸಾರ್. ಭತ್ಯೆ ಕೇಳೋಕೆ ಬಂದಿದ್ದೆ. ಗುಮಾಸ್ತರು ಟೀಗೆ ಹೋಗುವಾಗ ಸಾಲಲ್ಲಿ ಮುಂದಿರೋರನ್ನ ಕುರ್ಚೀಲಿ ಕೂರ್ಸಿ ಹೋಗೋದು ಇಲ್ಲಿನ ರೂಢಿ. ಹೋದೋರು ಇನ್ನೂ ಬಂದಿಲ್ಲ. ಎದ್ರೆ ನನ್ನ ಸರದಿ ಹೋಗುತ್ತೆ ಅಂತ ದಿನಾ ಬಂದು ಕೂರ್ತೀನಿ. ಜನ ಕೇಳ್ತಾರೆ, ತೋಚಿದ್ದು ಹೇಳ್ತೀನಿ."

ಅಧಿಕಾರಿ ನೆಮ್ಮದಿಯ ಉಸಿರು ಬಿಟ್ಟರು. "ಅಂದ್ರೆ ನಮ್ಮ ನೌಕರರಲ್ಲ. ನಮ್ಗೆ ಜವಾಬ್ದಾರಿನೂ ಇಲ್ಲ." ಸದ್ಯ ಬದುಕಿದೆ ಎಂದು ಬಡಗಿ ಓಟ ಕಿತ್ತ. ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಸೋರುವ ನಲ್ಲಿ ನೆನಪಾಯಿತು.

"ನೀವು ಆ ಕಿಟಕಿ ಕುರ್ಚೀಲೇ ಕೂತಿರಿ. ಗುಮಾಸ್ತರು ಬಂದ್ಮೇಲೆ ಏನಾದ್ರೂ ದಾರಿ ನೋಡೋಣ" ಎಂದರು ಅಧಿಕಾರಿ. ಬೇರೆ ದಾರಿ ಕಾಣದೆ ದರ್ಜಿ ಕೂತ.

ಕೂತದ್ದೇ ತಡ, ತರಕಾರಿ ಮಾರುವ ಹೆಂಗಸೊಬ್ಬಳು ಕಿಟಕಿಗೆ ಬಂದಳು. "ಅಣ್ಣಾ, ಕಾಲಿನ ಮಂಡಿ ಹೋಗಿದೆ. ಭತ್ಯೆ ಬೇಕಂದ್ರೆ ಅಂಗಡಿ ಮುಚ್ಬೇಕಾ?"

"ನಂಗೊತ್ತಿಲ್ಲಮ್ಮ."

"ಸಂಬಳ ತಗೊಂಡು ಗೊತ್ತಿಲ್ಲ ಅಂತೀಯಾ?" ಎಂದು ಇಡೀ ಸಾಲು ಅವನ ಮೇಲೆ ಬಿತ್ತು.

ಮಾರಿದ ಮಿಷನ್ ನೆನಪಾಗಿ ದರ್ಜಿ ಕೂಗಿಯೇಬಿಟ್ಟ. "ಪ್ರಾಣ ಹೋದ್ರೂ ಮುಚ್ಬೇಡಿ ತಾಯಿ!"

ಅವಳು ಕೈಮುಗಿದು, ಕುಂಟುತ್ತ ಹೋಗಿ ಬಸ್ಸು ಹತ್ತಿದಳು. ತನ್ನ ಗತಿ ಇನ್ನೊಬ್ಬರಿಗೆ ಬರಲಿಲ್ಲವಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು.

"ಏನ್ರೀ ಹೇಳಿದ್ರಿ?" ಹಿಂದೆ ಅಧಿಕಾರಿ ನಿಂತಿದ್ದರು. "ತರಕಾರಿಯವ್ರು ಅಂಗಡಿ ಮುಚ್ಚಿರ್ಲೇಬೇಕು. ಅರ್ಜಿಗೆ ಇವತ್ತೇ ಕೊನೇ ದಿನ. ಪಾಪ, ಅವ್ರ ಭತ್ಯೆ ಹೋಯ್ತು! ಆ ನಷ್ಟ ಯಾರು ತುಂಬೋದು?"

"ಸರ್ಕಾರ... ಅಲ್ವಾ ಸಾರ್?"

"ನೀವು ನಮ್ಮ ನೌಕರರೇನ್ರೀ? ಹೇಳಿದ್ದು ನೀವು, ತುಂಬೋದೂ ನೀವೇ."