ತೀರ್ಪುಗಾರರು ಬರುವವರೆಗೆ ಇದ್ದ ತೋಟ

ಮನಸ್ಸಿಗೆ ಬಂದಂತೆ ಕೆಲಸ ಮಾಡುವವರಿಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ಶಿಸ್ತಿನಿಂದ ಮಾಡಲು ಹೊರಟ ನನಗೇ ಯಾವಾಗಲೂ ಫಜೀತಿ.

ನಾನು ಹುಬ್ಬಳ್ಳಿಯ ಒಂದು ನರ್ಸಿಂಗ್ ಹಾಸ್ಟೆಲ್ಲಿನ ಮೇಟ್ರನ್. ಕಾನ್ವೆಂಟಿನಲ್ಲಿ ಓದಿದವಳು. ಹಾಸಿಗೆಯ ಚಾದರದ ಮೂಲೆ ಹೇಗೆ ಮಡಚಬೇಕೆಂಬುದು ನನಗೆ ಇವತ್ತಿಗೂ ದೊಡ್ಡ ವಿಷಯ. ಹಾಸ್ಟೆಲ್ಲಿನ ಹಿಂದೆ ಒಂದು ಸಣ್ಣ ತೋಟವಿದೆ. ವಾರ್ಡಿನಲ್ಲಿ ಮೊದಲ ಸಾವು ನೋಡಿ ಬಂದ ಹುಡುಗಿಯರು ಅಳುವುದಕ್ಕೆ ಹೋಗುವುದು ಅಲ್ಲಿಗೇ. ಕೋಣೆಯೊಳಗೆ ಅಳಲು ನಾನು ಬಿಡುವುದಿಲ್ಲ.

ಹೋದ ವರ್ಷ ನಮ್ಮ ಹಾಸ್ಟೆಲ್ ಸಮಿತಿಯ ಅಧ್ಯಕ್ಷರು ಆ ತೋಟ ತೆಗೆಸಿ, ಸಿಮೆಂಟಿನ ಪೇವರ್ ಕಲ್ಲು ಹಾಕಿಸಿ, ಬೈಕ್ ನಿಲ್ಲಿಸಲು ಜಾಗ ಮಾಡುವುದಾಗಿ ಹೇಳಿದರು. ನಾನು ವಿರೋಧಿಸಿದೆ. ಅವರು ನಕ್ಕರು. “ಧಾರವಾಡದಾಗ ಫಲಪುಷ್ಪ ಪ್ರದರ್ಶನ ಐತಲ್ರಿ ಮೇಡಂ, ಅಲ್ಲಿ ಸಣ್ಣ ತೋಟದ ಸ್ಪರ್ಧೆ ಇಟ್ಟಾರ. ಬಹುಮಾನ ತಗೊಂಡು ಬರ್ರಿ, ತೋಟ ನಿಮ್ಮದು.”

“ಆಗಲಿ,” ಎಂದೆ. ನನ್ನ ಕೈಗೆ ಅಳತೆಪಟ್ಟಿ ಬಂತು.

ಇಟ್ಟಂಗಿಯ ಹಾಜರಿ

ಪ್ರದರ್ಶನದಲ್ಲಿ ಕೊಡುವ ಜಾಗ ಹತ್ತಡಿ ಉದ್ದ, ಹತ್ತಡಿ ಅಗಲ. ಮೊದಲು ಅದೇ ಅಳತೆಯಲ್ಲಿ ಹಾಸ್ಟೆಲ್ ಹಿಂದೆ ಒಂದು ಮಾದರಿ ಮಾಡೋಣ ಎಂದು ಸುತ್ತಲೂ ದಾರ ಹಿಡಿಸಿ, ಇಟ್ಟಂಗಿಗಳನ್ನು ನೆಟ್ಟಗೆ ಹುಗಿಸಿದೆ. ಎರಡು ದಿನ ನೀರು ಹಾಕಿದ್ದೇ ತಡ, ಎಲ್ಲ ಇಟ್ಟಂಗಿಗಳೂ ವಯಸ್ಸಾದವರ ಹಲ್ಲಿನಂತೆ ಒಂದೊಂದು ಕಡೆ ವಾಲಿದವು.

ಗಬ್ಬೂರಿನಿಂದ ಬರುವ ನಮ್ಮ ಮಾಲಿ ಕಾಕಾನನ್ನು ಕರೆಸಿ ಕೇಳಿದೆ. “ಎರಿ ಮಣ್ಣರಿ ಮೇಡಂ. ನೀರು ಕುಡದ್ರ ಉಬ್ಬತೈತಿ, ಬಿಸಲಿಗೆ ಬಿರೀತೈತಿ. ಅದಕ್ಕ ಪಟ್ಟಿ ಹಿಡದ್ರ ಕೇಳ್ತೈತೇನ್ರಿ?”

“ನಾಳೆ ಬೆಳಿಗ್ಗೆ ಎಲ್ಲವೂ ನೇರವಾಗಿರಬೇಕು.”

ಮರುದಿನ ನೇರವಾಗಿದ್ದವು. ಅದರ ಮರುದಿನವೂ. ಕೊನೆಗೆ ಮಣ್ಣೂ ನನ್ನ ಮಾತು ಕೇಳಿತಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಕಾಕಾ ಸೊಂಟ ಹಿಡಿದುಕೊಂಡು ಎದ್ದ. “ಮಣ್ಣು ಎಲ್ಲಿ ಕೇಳ್ತೈತ್ರಿ? ದಿನಾ ಮುಂಜಾನೆ ನಾನs ಒಂದೊಂದನ್ನs ಎಬ್ಬಿಸಿ ನಿಂದರಸಾಕತ್ತೇನಿ. ನಿಮ್ಮ ಹುಡಿಗ್ಯಾರs ವಾಸಿರಿ, ಒಮ್ಮೆ ಬೈದ್ರ ವಾರಗಟ್ಟಲೆ ನೆಟ್ಟಗ ನಿಂದರತಾರ!”

ಸೋಮವಾರದ ಹೂವು

ಚೆಂಡುಹೂವು, ಶೇವಂತಿಗೆ, ಕೆಂಪು ಗುಲಾಬಿ ಎಂದು ಸಾಲುಸಾಲಾಗಿ ಹಚ್ಚಿಸಿದ್ದೆ. ಸಂಜೆ ಎಣಿಸಿದ ಮೊಗ್ಗು ಬೆಳಿಗ್ಗೆ ಹೂವಾಗಿ ಕಾಣುತ್ತಲೇ ಇರಲಿಲ್ಲ. ಒಂದು ದಿನ ಬೇಗ ಎದ್ದು ಕಾದು ನಿಂತೆ. ಮುಂಜಾನೆಯ ವಾಕಿಂಗಿಗೆ ಬಂದ ಅಜ್ಜನೊಬ್ಬರು ಕಂಪೌಂಡಿನ ಮೇಲಿಂದ ಕೈ ಚಾಚಿ, ಪ್ಲಾಸ್ಟಿಕ್ ಚೀಲಕ್ಕೆ ನನ್ನ ಶೇವಂತಿಗೆ ತುಂಬುತ್ತಿದ್ದರು.

“ಅಜ್ಜಾರೇ, ಇವು ಸ್ಪರ್ಧೆಗೆ ಬೆಳೆಸಿದ ಹೂವು!”

ಅವರಿಗೆ ಬಹಳ ಸಂತೋಷವಾಯಿತು. “ಹೌದೇನವಾ? ಮೊದಲs ಹೇಳಬೇಕಿಲ್ಲೋ! ಇವತ್ತ ನಿನ್ನ ಹೆಸರಿಲೇ ದೇವರಿಗೆ ಏರಸ್ತೇನಿ. ಬಹುಮಾನ ಬಂತಂತ ತಿಳಕೋ.”

ದೇವರಿಗೆ ಎಂದಮೇಲೆ ಏನು ಮಾತಾಡುವುದು? ಒಳಗೆ ಹೊರಟೆ. ಹಿಂದಿನಿಂದ ಮತ್ತೆ ಕರೆದರು. “ಅಲ್ಲವಾ, ಎಲ್ಲಾ ಕೆಂಪು, ಹಳದೀನs ಹಚ್ಚೀಯಲ್ಲ? ನಾಳೆ ಸೋಮವಾರ. ಈಶ್ವರಗ ಬಿಳೇ ಹೂವು ಬೇಕಂತ ಒಂದೀಟರೆ ವಿಚಾರ ಬ್ಯಾಡೇನು?”

ಕಳೆ

ಹೂವಿನ ಆಸೆ ಬಿಟ್ಟೆವು. ಪ್ರದರ್ಶನಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. “ತಪ್ಪಲಾ ಹಚ್ಚೂಣ್ರಿ ಮೇಡಂ. ಅದನ್ನ ಯಾರೂ ದೇವರಿಗೆ ಏರಸೂದಿಲ್ಲ,” ಎಂದ ಕಾಕಾ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪುಗಳಾದ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಹಕ್ಕರಿಕೆಗಳನ್ನು ಪ್ಲಾಸ್ಟಿಕ್ ಟ್ರೇಗಳಲ್ಲಿ ಬೆಳೆಸಿ, ಧಾರವಾಡಕ್ಕೆ ಒಯ್ದು ಜೋಡಿಸುವುದೆಂದು ನಿಶ್ಚಯಿಸಿದೆವು.

ಒಂದು ಬೆಳಿಗ್ಗೆ ತಪಾಸಣೆಗೆ ಹೋದಾಗ ಒಂದು ಟ್ರೇ ತುಂಬ, ಗರಗಸದಂಥ ಎಲೆಯ ಏನೋ ಒಂದು ಮಣ್ಣಿಗೆ ಅಂಟಿಕೊಂಡು ಹಬ್ಬಿತ್ತು. ಕಾಕಾ ಇಷ್ಟು ಕಳೆ ಬೆಳೆಯಲು ಬಿಟ್ಟಿದ್ದಾನಲ್ಲ ಎಂದು ಸಿಟ್ಟಾಗಿ, ಕೈಯಾರೆ ಕಿತ್ತು, ಟ್ರೇ ಸ್ವಚ್ಛಮಾಡಿ, ಕೈ ತೊಳೆದುಕೊಂಡೆ.

ಕಾಕಾ ಬಂದು ಖಾಲಿ ಟ್ರೇಯ ಮಣ್ಣು ಕೆದಕಿ ನೋಡಿದ. “ಮೇಡಂ, ಹಕ್ಕರಿಕಿ ಎಲ್ಲಿ ಹೋತ್ರಿ?”

ನಾನು ತಪ್ಪನ್ನು ಸುಲಭವಾಗಿ ಒಪ್ಪುವವಳಲ್ಲ. “ಟ್ರೇಗೆ ಹೆಸರಿನ ಬೋರ್ಡ್ ಹಾಕಬೇಕಿತ್ತು,” ಎಂದೆ.

ಮರುದಿನ ಉಳಿದ ಹಕ್ಕರಿಕೆ ಟ್ರೇಗಳ ಮೇಲೆ ಬೋರ್ಡ್ ಬಂದಿತ್ತು: ‘ಇದು ಕಳೆ ಅಲ್ಲ. ಮೇಡಂ ಮುಟ್ಟಬಾರದು.’

ತೀರ್ಪು

ಪ್ರದರ್ಶನದ ದಿನ ನಮ್ಮ ಹತ್ತಡಿಯ ತೋಟ ನೋಡಿ ನನಗೇ ಕಣ್ಣು ತುಂಬಿತು. ಹಸಿರಿನಲ್ಲಿ ಇಷ್ಟು ಬಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದವರು ಕಾರಂಜಿ ಇಟ್ಟಿದ್ದರು. ಆದರೂ ಜನ ನಮ್ಮ ಮುಂದೆಯೇ ನಿಲ್ಲುತ್ತಿದ್ದರು.

ಹತ್ತು ಗಂಟೆಗೆ ಬರಬೇಕಾದ ಮೂವರು ತೀರ್ಪುಗಾರರು ಉದ್ಘಾಟನೆಯ ಭಾಷಣಗಳಲ್ಲಿ ಸಿಕ್ಕಿಬಿದ್ದು, ಎರಡೂವರೆಗೆ ಬಂದರು. ಆಗಷ್ಟೇ ಮಾಲಿ ಕಾಕಾ ಬದಿಗೆ ಕೂತು ಬುತ್ತಿ ಬಿಚ್ಚಿದ್ದ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬುತ್ತಿ ಬಿಚ್ಚಿದವನು ಎದುರಿಗೆ ನಿಂತವರನ್ನು ಕರೆಯದೆ ಇರುವುದು ನಮ್ಮ ಕಡೆ ಇಲ್ಲ. “ಬರ್ರಿ ಸಾಹೇಬ್ರ, ಒಂದು ರೊಟ್ಟಿ ತಿನ್ನೂಣು,” ಎಂದ. ಕರೆಸಿಕೊಂಡವರು ಬೇಡವೆನ್ನಬೇಕು, ಅದೂ ಪದ್ಧತಿಯೇ. ಮುಖ್ಯ ತೀರ್ಪುಗಾರರು ಬೇಡವೆನ್ನದೆ ಕೂತೇಬಿಟ್ಟರು.

“ಮೆಂತೆ ಎಳೀದೈತೇನು ನೋಡಬೇಕಲ್ರಿ,” ಎಂದು ನಮ್ಮ ತೋಟದಿಂದ ಒಂದು ಎಸಳು ಕಿತ್ತು ರೊಟ್ಟಿಗೆ ಸುತ್ತಿಕೊಂಡರು. ಎರಡನೆಯವರು, “ಬೇರು ಪರೀಕ್ಷಾ ಮಾಡ್ದ ಮಾರ್ಕ್ಸ್ ಹೆಂಗ ಹಾಕೂದು?” ಎಂದು ಮೂಲಂಗಿ ಎಳೆದರು. ಮೂರನೆಯವರು ಕಾರಣ ಕೊಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ನಮ್ಮ ಅಧ್ಯಕ್ಷರೂ ಬಂದರು. “ಏ, ಹಕ್ಕರಿಕಿ! ನಮ್ಮವ್ವ ಹ್ವಾದ ಮ್ಯಾಲೆ ತಿಂದs ಇಲ್ಲ,” ಎಂದು ಬೂಟು ಬಿಚ್ಚಿ ಕೂತರು. “ಮೇಡಂ, ಚೂರು ಉಪ್ಪು ಐತೇನ್ರಿ?”

ತೀರ್ಪುಗಾರರನ್ನು ತಡೆಯುವ ನಿಯಮ ನನಗೆ ಗೊತ್ತಿರಲಿಲ್ಲ. ಉಪ್ಪು ತಂದುಕೊಟ್ಟೆ. ಉಪ್ಪು ಕಂಡದ್ದೇ ತಡ, ನೋಡಲು ನಿಂತಿದ್ದ ಜನರೂ ಟ್ರೇಗಳಿಗೆ ಕೈ ಹಾಕಿದರು.

ಮುಖ್ಯ ತೀರ್ಪುಗಾರರು ಕೈ ತೊಳೆದುಕೊಂಡು, ಹಾಳೆ ತೆಗೆದು, ಕನ್ನಡಕ ಹಾಕಿಕೊಂಡು ನೋಡಿದರು. ಟ್ರೇಗಳಲ್ಲಿ ಮಣ್ಣು ಮಾತ್ರ ಇತ್ತು. ಅವರ ಮುಖ ಸಣ್ಣದಾಯಿತು. “ಮೇಡಂ, ಮೊದಲನೇ ಬಹುಮಾನ ನಿಮಗs ಕೊಡಬೇಕಂತ ಮಾಡಿದ್ವಿ. ಆದರ ತೋಟ ಸಂಜೀತನಾ ಇರಬೇಕಂತ ನಿಯಮ ಐತಿ. ನಿಮ್ಮ ತೋಟ… ಇಲ್ಲಲ್ರಿ.”

ನಿಯಮ ಎಂದಮೇಲೆ ನಾನು ವಾದಿಸುವವಳಲ್ಲ. ಬಹುಮಾನ ಕಾರಂಜಿಗೆ ಹೋಯಿತು. ನಾನು ನೆಟ್ಟಗೆ ನಿಂತು ಅಧ್ಯಕ್ಷರಿಗೆ ಹೇಳಿದೆ, “ಸೋತಿದ್ದೇವೆ. ಮಾತಿನಂತೆ ನಾಳೆಯಿಂದಲೇ ಪೇವರ್ ಹಾಕಿಸಿ.”

ಅವರು ಕೈಯಲ್ಲುಳಿದ ಮೂಲಂಗಿ ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಪೇವರ್ ಮ್ಯಾಲೆ ಮೂಲಂಗಿ ಬರತಾವೇನ್ರಿ? ಬಿಡ್ರಿ ಅತ್ಲಾಗ. ನಾಳೆ ಲಗೂನ ಬೀಜಾ ಹಾಕಸ್ರಿ.”

“ಹಾಗಾದರೆ ಬೈಕ್ ಎಲ್ಲಿ ನಿಲ್ಲಿಸುವುದು?”

“ಎಲ್ಲಾರೂ ನಡಕೋತ ಬರ್ಲಿ,” ಎಂದು ಅಧ್ಯಕ್ಷರು ಹೊಟ್ಟೆಯ ಮೇಲೆ ಕೈಯಾಡಿಸಿದರು. “ತಿಂದದ್ದು ಕರಗಬ್ಯಾಡೇನ್ರಿ?”