ಲಾಳಿಗೊಂದು ರೇಷ್ಮೆ ಬೋನು

ಮನುಷ್ಯರ ಮನೆ ಕಟ್ಟಲು ಇಂಜಿನಿಯರು ಬೇಕು, ಮೇಸ್ತ್ರಿ ಬೇಕು, ಹತ್ತು ಕಡೆ ಸಹಿ ಬೇಕು. ನಾಯಿಯ ಮನೆ ಕಟ್ಟಲು ಉಮೇಶ ಒಬ್ಬ ಸಾಕು!

ಹೀಗೆಂದು ಒಂದು ಸೋಮವಾರ ಬೆಳಿಗ್ಗೆ, ಕೊಳ್ಳೇಗಾಲದ ನಮ್ಮ ಮನೆಯ ಮಗ್ಗದ ಮುಂದೆ ನಿಂತು, ಎದೆಯುಬ್ಬಿಸಿ ಘೋಷಿಸಿದೆ. ಕೇಳಿಸಿಕೊಂಡವರು ಮೂವರು. ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದ ನನ್ನ ತಾಯಿ ಅನಸೂಯಮ್ಮ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ನನ್ನ ಹೆಂಡತಿ ಅಂಜನಾ, ಮತ್ತು ಬಾಯಲ್ಲಿ ಕೆಂಪು ರೇಷ್ಮೆ ನೂಲು ಸುತ್ತಿದ ಕಂಡಿಕೆ ಕಚ್ಚಿಕೊಂಡಿದ್ದ ಎರಡು ತಿಂಗಳ ನಾಯಿಮರಿ. ಮೂವರಲ್ಲಿ ಬಾಲ ಅಲ್ಲಾಡಿಸಿದ್ದು ಮರಿ ಮಾತ್ರ.

ಅದು ರಾಮಾಪುರದ ನನ್ನ ಗೆಳೆಯ ಮಾದಸ್ವಾಮಿ ಕೊಟ್ಟ ಮರಿ. ಕೊಡುವಾಗ ಅವನು, "ಕಾಡಂಚಿನ ತಳಿ ಕಣ್ಲಾ ಇದು. ಆನೆ ಬಂದ್ರೂ ಎದುರ್ಗೆ ನಿಂತ್ಕತದೆ!" ಎಂದಿದ್ದ. ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹನೂರಿನಲ್ಲಿ ಕಂಡಕ್ಟರು ಸೀಟಿ ಊದಿದ್ದಕ್ಕೇ ಆ ವೀರ ನನ್ನ ಅಂಗಿಯೊಳಗೆ ನುಗ್ಗಿ ಒದ್ದೆ ಮಾಡಿತು. ಮನೆಗೆ ಬಂದ ಮೇಲೆ ಮಾತ್ರ ಪ್ರಾಣ ಬಂದು, ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ಓಡಾಟ ಶುರು ಮಾಡಿತು. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವುದು ಲಾಳಿ, ಅದಕ್ಕೇ ಇದಕ್ಕೂ ಲಾಳಿ ಎಂದು ಹೆಸರಿಟ್ಟೆ.

"ರೀ, ಬೆಳಗಿಂದ ಇದು ನಾಕನೇ ಕಂಡಿಕೆ," ಎಂದಳು ಅಂಜನಾ.

"ಮಗು ಕಣೇ ಅದು. ಹಲ್ಲು ಬರೋ ವಯಸ್ಸು."

"ಅಲ್ಲು ಬಂದ್ರೆ ನಿಮ್ ಚಪ್ಪಲಿ ಕಚ್ಚಲಿ. ಶುಕ್ರವಾರ ಮಧುವನಳ್ಳಿ ಶಿವರತ್ನಮ್ಮೋರು ಬತ್ತಾರೆ, ಮಗಳ ಧಾರೆ ಸೀರೆ ತಕಂಡೋಗಕೆ. ಅಷ್ಟ್ರೊಳಗೆ ಇದು ಇದರ ಜಾಗದಲ್ಲಿ ಮನಗೋದು ಕಲೀಬೇಕು. ಕಲೀಲಿಲ್ವಾ, ಶನಿವಾರ ಬೆಳಗ್ಗೆ ರಾಮಾಪುರದ ಬಸ್ಸು. ಬೇಕಾದ್ರೆ ನೀವೂ ಜೊತೇಲೇ ಓಗಿ!"

ನಾನು ನಕ್ಕೆನಾದರೂ ಮರಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ನಮ್ಮದು ಗುಂಡಿ ಮಗ್ಗ. ನೆಲದ ಗುಂಡಿಗೆ ಕಾಲು ಇಳಿಬಿಟ್ಟು ದಿನವಿಡೀ ಒಬ್ಬನೇ ಕೂತಿರಬೇಕು. ಮರಿ ಬಂದಾಗಿನಿಂದ ಆಗಾಗ ಗುಂಡಿಗಿಳಿದು ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಕಣ್ಣು ಮುಚ್ಚುತ್ತಿತ್ತು. ಅದಕ್ಕೆ ಎಚ್ಚರವಾದೀತೆಂದು ಮಗ್ಗದ ಕಾಲುಹಲಗೆ ತುಳಿಯದೆ ಅರ್ಧ ಗಂಟೆ ಸುಮ್ಮನೆ ಕೂತದ್ದೂ ಉಂಟು. ಆ ಬಿಸಿ ಗದ್ದವನ್ನು ಬಿಟ್ಟುಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ. ಆದ್ದರಿಂದಲೇ ಮೇಲಿನ ಘೋಷಣೆ!

ಫೋನಿನಲ್ಲಿ ಹನ್ನೊಂದು ವೀಡಿಯೊ ನೋಡಿದೆ. ನಾಯಿ ಒಳಗೆ ನಿಲ್ಲುವಂತಿರಬೇಕು, ಸುತ್ತು ತಿರುಗುವಂತಿರಬೇಕು, ಕಾಲು ಚಾಚುವಂತಿರಬೇಕು. ಬಾಗಿಲು ತೆಗೆದೇ ಇಡಬೇಕು. ಶಿಕ್ಷೆಗೆಂದು ಒಳಗೆ ತಳ್ಳಕೂಡದು. ಮೆತ್ತನೆಯದೇನಾದರೂ ಹಾಸಬೇಕು. ಇದಕ್ಕೆ ಕ್ರೇಟು ಎನ್ನುತ್ತಾರಂತೆ.

"ಅದೇ, ಬೋನು," ಎಂದರು ಅಮ್ಮ.

"ಬೋನಲ್ಲಮ್ಮ, ಕ್ರೇಟು. ಬೋನು ಹಿಡಿಯೋಕೆ. ಕ್ರೇಟು ಹಾಯಾಗಿರೋಕೆ."

"ಸರಳಿದೆ, ಬಾಗಿಲಿದೆ, ಚಿಲಕ ಇದೆ. ಬೋನು."

ಅಮ್ಮನ ಜೊತೆ ವಾದ ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ಕೂತೇ ಮಾಡಿಸಿ, ಸಂಜೆ ಆಟೋದ ಮೇಲೆ ಕಟ್ಟಿಸಿಕೊಂಡು ಮೆರವಣಿಗೆಯಲ್ಲಿ ಬಂದೆ. ಬೀದಿಯ ತುದಿಯಲ್ಲೇ ಯಾರೋ, "ಬೋನು ಬಂತು! ಚಿರತೆ ಎಲ್ಲಿ ನುಗ್ತು?" ಎಂದರು. "ಚಿರತೆಯಲ್ಲ, ನಮ್ಮನೇದು," ಎಂದೆ. ಅಲ್ಲಿಗೆ ಮುಗಿಯಿತು! ಉಮೇಶನ ಮನೆಯೊಳಗೇ ಚಿರತೆ ಇದೆಯಂತೆ ಎಂದು ಕಿಟಕಿಗಳು ಮುಚ್ಚಿಕೊಂಡವು. ನಾನು ಆಟೋದಿಂದ ಬೋನು, ಅಲ್ಲ, ಕ್ರೇಟು ಇಳಿಸುವಷ್ಟರಲ್ಲಿ ರಾಮಾಪುರದಿಂದ ಮಾದಸ್ವಾಮಿಯ ಫೋನು.

"ಲೇ ಉಮೇಶ, ನಿಮ್ಮನೇಗೆ ಚಿರತೆ ಬಂದದಂತಲ್ಲಾ? ಉಸಾರು ಕಣ್ಲಾ!"

"ನೀನೇ ಕೊಟ್ಟಿದ್ದು ಕಣೋ ಆ ಚಿರತೇನ!" ಎಂದು ಕೂಗಿ ಫೋನಿಟ್ಟೆ.

ಬೋನು ಬಂತು, ಸರಿ. (ನಾನೂ ಹಾಗೇ ಅನ್ನತೊಡಗಿದ್ದೇನೆ, ಅಮ್ಮ ಗೆದ್ದರು.) ಆದರೆ ಲಾಳಿ ಒಳಗೆ ಕಾಲಿಡಲಿಲ್ಲ. ಗೋಣಿಚೀಲ ಹಾಸಿದೆ, ಎಳೆದು ಹೊರಗೆ ಹಾಕಿತು. ಅಮ್ಮನ ಹಳೆಯ ಕೌದಿ ಹಾಸಿದೆ, ಒಳಗೆ ಹೋಯಿತು, ಒದ್ದೆ ಮಾಡಿತು, ಹೊರಗೆ ಬಂತು. ನನ್ನ ಲುಂಗಿ ಹಾಸಿದೆ. ಆ ಲುಂಗಿಯ ಬಗ್ಗೆ ಹೆಚ್ಚು ಹೇಳಲಾರೆ, ಈಗ ಅದು ನಾಲ್ಕು ಕರವಸ್ತ್ರ.

ಬಾಗಿಲಿಗೆ ಒರಗಿ ನೋಡುತ್ತಿದ್ದ ಅಂಜನಾ ಕೇಳಿದಳು: "ನನ್ನ ನೀಲಿ ಸೀರೆ ಕೊಡ್ಲಾ, ಹಾಸೋಕೆ?"

"ಛೆ ಛೆ! ಅಪ್ಪಟ ರೇಷ್ಮೆ ಕಣೇ ಅದು! ನಾಯಿಗೆ ಹಾಸ್ತಾರಾ?"

"ಹೌದಲ್ವಾ, ಅಪ್ಪಟ ರೇಷ್ಮೆ," ಎಂದು ಒಳಗೆ ಹೋದಳು.

ಈ ನೀಲಿ ಸೀರೆಯ ವಿಷಯ ನಿಮ್ಮಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾಗಿ ಹತ್ತು ವರ್ಷ ತುಂಬಿದಾಗ, ನನ್ನ ಕೈಯಾರೆ ನೇಯ್ದ ರೇಷ್ಮೆ ಸೀರೆ ಉಡಿಸುತ್ತೇನೆಂದು ಅಂಜನಾಗೆ ಮಾತು ಕೊಟ್ಟಿದ್ದೆ. ಆ ವರ್ಷ ಮಗ್ಗದ ಮೇಲೆ ಒಂದರ ಹಿಂದೊಂದು ಪರರ ಸೀರೆ. ದಿನ ಹತ್ತಿರ ಬಂತು. ಮೈಸೂರಿನಲ್ಲಿ ಯಾವುದೋ ಮಾರಾಟ ಮೇಳಕ್ಕೆ ಓಡಿಹೋಗಿ, ಮಿರಮಿರ ಮಿಂಚುವ ಒಂದು ನೀಲಿ ಸೀರೆ ತಂದೆ. ಅದರಲ್ಲಿ ರೇಷ್ಮೆ ಇದ್ದದ್ದು ಚೀಟಿಯ ಮೇಲೆ ಮಾತ್ರ! "ಪಕ್ಕದ ಬೀದಿ ರಂಗನಾಥನ ಮಗ್ಗದಲ್ಲಿ ಗುಟ್ಟಾಗಿ ನೇಯ್ದೆ," ಎಂದು ಕೊಟ್ಟೆ. ಅವಳು ಮಡಿಕೆ ಬಿಚ್ಚಿ, ಸೆರಗಿನ ಮೇಲೆ ಕೈಯಾಡಿಸಿ, ನಕ್ಕು, ಬೀರುವಿನಲ್ಲಿಟ್ಟಳು. ಹಬ್ಬಕ್ಕೊಮ್ಮೆ ಉಡುತ್ತಾಳೆ. ಮೂರು ವರ್ಷದಿಂದ ಗುಟ್ಟು ನನ್ನ ಹೊಟ್ಟೆಯಲ್ಲಿ ಭದ್ರವಾಗಿತ್ತು.

ಆದರೆ ಅವಳ ಮಾತಿನಿಂದ ನನ್ನ ತಲೆಯಲ್ಲಿ ದೀಪ ಹೊತ್ತಿತು. ರೇಷ್ಮೆ! ಮಗ್ಗದ ಪಕ್ಕದಲ್ಲೇ ಒಂದು ಚೀಲ ತುಂಬ, ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲಿನ ಹಾಸು ಮುಗಿದಾಗ ಉಳಿದ ತುದಿ, ಕಡಿದ ಎಳೆ, ಕೆಟ್ಟ ನೂಲು ಬಿದ್ದಿತ್ತು. ಅದನ್ನೆಲ್ಲ ದಿಂಬಿನ ಗವುಸಿಗೆ ತುಂಬಿದೆ. ಮೇಲೆ ಅಂಚು ತಪ್ಪಿ ಕೆಟ್ಟಿದ್ದ ಒಂದು ರೇಷ್ಮೆ ತುಂಡು ಹೊದಿಸಿದೆ. ಮಹಾರಾಜರ ಅರಮನೆಯಲ್ಲೂ ನಾಯಿಗೆ ಇಂಥ ಹಾಸಿಗೆ ಇದ್ದಿರಲಾರದು! ಲಾಳಿ ಮೂಸಿತು, ಒಳಗೆ ಹೋಯಿತು, ಮೂರು ಸುತ್ತು ತಿರುಗಿತು, ದೊಪ್ಪನೆ ಬಿದ್ದು ನಿದ್ದೆ ಹೋಯಿತು.

ಬುಧವಾರ ಅದಾಗಿಯೇ ಎರಡು ಸಲ ಒಳಗೆ ಹೋಗಿ ಮಲಗಿತು. ಅಂಜನಾ ಕೂಡ, "ಪರ್ವಾಗಿಲ್ವೇ!" ಎಂದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಇದು ಮೂರನೆಯ ಸಲ. ನಾನು ಬೀದಿಯಲ್ಲಿ ನಡೆಯುವ ಶೈಲಿಯೇ ಬದಲಾಯಿತು. ಯಾರಾದರೂ ನಾಯಿ ಸಾಕುವ ಬಗ್ಗೆ ಸಲಹೆ ಕೇಳಲಿ ಎಂದು ಟೀ ಅಂಗಡಿಯ ಮುಂದೆ ಸುಮ್ಮನೆ ನಿಂತೆ. ಯಾರೂ ಕೇಳಲಿಲ್ಲ, ನಾನೇ ಹೇಳಿ ಬಂದೆ.

ಗುರುವಾರ ಗೊತ್ತಾಯಿತು ನಾನು ಮಾಡಿದ ಘನಕಾರ್ಯ. ಬೋನು ತನ್ನ ಜಾಗ ಎಂದು ಮರಿ ಕಲಿಯಲಿ ಎಂದು ನಾನು ರೇಷ್ಮೆ ಹಾಸಿದ್ದೆ. ಅದು ಕಲಿತದ್ದು ಬೇರೆ. ರೇಷ್ಮೆ ಎಲ್ಲಿದೆಯೋ ಅದೆಲ್ಲ ತನ್ನ ಜಾಗ! ಬೇರೆ ಯಾವ ಊರಲ್ಲಾದರೂ ನಡೆದೀತು. ಮಗ್ಗವಿರುವ ಮನೆಯಲ್ಲಿ ನಾಯಿಗೆ ಈ ಪಾಠ ಹೇಳಿಕೊಡುವವನು ನನ್ನಂಥ ನೇಕಾರ ಮಾತ್ರ.

ಮೊದಲು ಅಮ್ಮನ ಕೂಗು ಕೇಳಿಸಿತು. "ಲೋ ಉಮೇಶ! ನನ್ನ ಮಡಿ ಸೀರೆ ಕಣೋ!" ಹಿತ್ತಲಿನಲ್ಲಿ ಒಣಗಿಹಾಕಿದ್ದ ರೇಷ್ಮೆ ಸೀರೆಯನ್ನು ಎಳೆದು ಬೀಳಿಸಿ, ಅದರ ನಟ್ಟನಡುವೆ ಲಾಳಿ ಗೊರಕೆ ಹೊಡೆಯುತ್ತಿತ್ತು. ಎತ್ತಿ ತಂದು ಬೋನಿಗೆ ಬಿಟ್ಟೆ. ಎರಡು ನಿಮಿಷಕ್ಕೆ ಮಗ್ಗದ ಮೇಲೇರಿ, ನೇಯ್ದು ಸುತ್ತಿದ್ದ ಧಾರೆ ಸೀರೆಯ ಮೇಲೆ ಗದ್ದ ಇಟ್ಟಿತು! ಅಂಜನಾ ನೋಡುವ ಮೊದಲು ಎತ್ತಿಕೊಂಡೆ. ಆ ದಿನವೆಲ್ಲ ಎಡಗೈಯಲ್ಲಿ ನಾಯಿ, ಬಲಗೈಯಲ್ಲಿ ಮಗ್ಗದ ಹಗ್ಗ. ಹೀಗೆ ಸೀರೆ ಮುಗಿಸಿ ಮಗ್ಗದಿಂದ ಕೊಯ್ದು ಇಳಿಸಿದೆ.

ಶುಕ್ರವಾರ ಬೆಳಿಗ್ಗೆ, ಎಲ್ಲ ವೀಡಿಯೊಗಳ ಉಪದೇಶ ಮೀರಿ, ಲಾಳಿಯನ್ನು ಬೋನಿನಲ್ಲಿ ಹಾಕಿ ಚಿಲಕ ಜಡಿದೆ. ಶಿವರತ್ನಮ್ಮ ಬಂದರು. ಕಬ್ಬು, ಭತ್ತದ ಮನೆಯ ಗಟ್ಟಿ ಹೆಂಗಸು, ಉಟ್ಟಿದ್ದು ಹಸಿರು ರೇಷ್ಮೆ. ಅಂಜನಾ ಚಾಪೆಯ ಮೇಲೆ ಧಾರೆ ಸೀರೆ ಹರಡಿದಳು. ಎಲ್ಲ ಸುಸೂತ್ರ. ಅಷ್ಟರಲ್ಲಿ ಬೋನಿನೊಳಗಿಂದ ಕುಂಯ್ ಎಂಬ ಸದ್ದು.

"ಅಯ್ಯೋ ಶಿವ್ನೆ! ಅಸುಗೂಸ್ನ ಯಾಕ್ರಪ್ಪ ಕೂಡಾಕಿದ್ದೀರಿ?" ಎಂದವರೇ ಶಿವರತ್ನಮ್ಮ ಕೈಚಾಚಿ ಚಿಲಕ ತೆಗೆದೇಬಿಟ್ಟರು!

ಲಾಳಿ ಹಾರಿತು. ಚಾಪೆ ದಾಟಿತು. ಧಾರೆ ಸೀರೆಯ ಸೆರಗಿನ ಮೇಲೆ ಮೂರು ಸುತ್ತು ತಿರುಗಿ ದೊಪ್ಪನೆ ಮಲಗಿತು.

"ನನ್ ಮಗಳ ಧಾರೆ ಸೀರೆ!" ಎಂದು ಶಿವರತ್ನಮ್ಮ ಎದೆ ಹಿಡಿದುಕೊಂಡರು. ಅಂಜನಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ರಾಮಾಪುರದ ಬಸ್ಸು ಹೊರಟು ನಿಂತಿತ್ತು. ಮರಿ ಹೋಗುತ್ತದೆ, ಸೀರೆಯೂ ಹೋಗುತ್ತದೆ! ಅಂಥ ಸಂದರ್ಭದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಜಾಣತನ. ನಾನು ತೆರೆದೆ.

"ಅಮ್ಮಾವ್ರೇ, ಸಂತೋಷಪಡಿ! ನಮ್ಮ ಲಾಳಿ ಅಪ್ಪಟ ರೇಷ್ಮೆ ಅಲ್ಲದೆ ಇನ್ನೊಂದರ ಮೇಲೆ ಮಲಗಲ್ಲ! ರೇಷ್ಮೆಹುಳದ ವಾಸನೆ ಅದಕ್ಕೆ ಸಿಗುತ್ತೆ! ನಿಮ್ಮ ಸೀರೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?"

ಶಿವರತ್ನಮ್ಮ ಎದೆಯ ಮೇಲಿನ ಕೈ ಇಳಿಸಿದರು. "ದಿಟವಾ?"

"ಪರೀಕ್ಷೆ ಮಾಡಿ!"

ಮಾಡಿದರು. ಮರಿಯನ್ನು ದೂರ ಬಿಟ್ಟು, ತಮ್ಮ ಮುಂದೆ ಹತ್ತಿಯ ಟವೆಲ್ ಹರಡಿ ಕೂತರು. ಲಾಳಿ ಟವೆಲ್ಲನ್ನು ತುಳಿದುಕೊಂಡೇ ಹೋಗಿ ಅವರ ಹಸಿರು ರೇಷ್ಮೆಯ ಮಡಿಲಿಗೆ ಹತ್ತಿ ಕೂತಿತು. "ಅಯ್ಯೋ ನನ್ ಕಂದ! ಇದ್ಕೆ ಎಲ್ಲಾ ಗೊತ್ತಾಯ್ತದೆ ಕಣವ್ವ!" ಎಂದು ಶಿವರತ್ನಮ್ಮ ಕರಗಿ ನೀರಾದರು. ಸೆರಗಿನ ಮೇಲೆ ಉದುರಿದ್ದ ಮೂರು ಕೂದಲನ್ನು ತಾವೇ ಕೊಡವಿದರು. ನಾನು ಗೆದ್ದೆ! ಮೀಸೆಯ ಮೇಲೆ ಕೈ ಹೋಯಿತು.

ಆಗ ಒಳಗಡೆ ಬೀರುವಿನ ಬಾಗಿಲು ಕಿರ್ರೆಂದಿತು.

ಅಂಜನಾ ಹೊರಗೆ ಬಂದಳು. ಕೈಯಲ್ಲಿ ನೀಲಿ ಸೀರೆ.

"ಇದನ್ನೂ ಒಂದ್ಸಲ ನೋಡ್ಲಿ," ಎಂದಳು.

"ಬೇಡ ಕಣೇ! ಪಾಪ, ಮರಿಗೆ ಸುಸ್ತಾಗಿದೆ!"

"ಮರಿಗೋ, ನಿಮಗೋ?"

ಚಾಪೆಯ ಮೇಲೆ ನೀಲಿ ಸೀರೆ ಹರಡಿತು. ಮಲಗು ಲಾಳಿ, ಒಂದೇ ಒಂದು ನಿಮಿಷ ಮಲಗು, ಎಂದು ಮಾದಪ್ಪನಿಂದ ಹಿಡಿದು ಎಲ್ಲ ದೇವರನ್ನೂ ಬೇಡಿದೆ. ಲಾಳಿ ಬಂತು. ಮೂಸಿತು. ತಲೆಯೆತ್ತಿ ನನ್ನನ್ನು ನೋಡಿತು. ಸೀನಿತು! ಆಮೇಲೆ ಸೀರೆಯನ್ನು ತುಳಿಯದೆ ಸುತ್ತುಹಾಕಿಕೊಂಡು ತನ್ನ ಬೋನಿಗೆ ನಡೆದು, ರೇಷ್ಮೆ ದಿಂಬಿನ ಮೇಲೆ ಮುದುಡಿ ಮಲಗಿತು.

ಅಮ್ಮನ ರಾಟೆ ನಿಂತಿತು. ಶಿವರತ್ನಮ್ಮ ಕೇಳಿದರು: "ಇದ್ಯಾವ ಸೀರೆನವ್ವ?"

"ನಮ್ಮೆಜಮಾನ್ರು ಕೈಯಾರೆ ನೇಯ್ದಿದ್ದು. ಅಪ್ಪಟ ರೇಷ್ಮೆ," ಎಂದಳು ಅಂಜನಾ.

ಮೀಸೆಯಿಂದ ಕೈ ಇಳಿಸಿದೆ. "ಅಂಜನಾ... ಅದು... ಮೈಸೂರಲ್ಲಿ..."

"ಗೊತ್ತು ಬಿಡಿ."

"ಗೊತ್ತಾ? ಯಾವಾಗಿಂದ?"

"ಕೊಟ್ಟ ದಿನದಿಂದ. ನಾನೇನು ನೇಕಾರ್ರ ಮನೇಲಿ ಹುಟ್ಟಿಲ್ವಾ? ಮುಟ್ಟಿದ ಕೂಡ್ಲೇ ಕೈಗೆ ಗೊತ್ತಾಯ್ತು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಮೂರು ವರ್ಷ ಕಾದೆ. ಕೊನೆಗೆ ನಾಯಿ ಬಂದು ಹೇಳ್ಬೇಕಾಯ್ತು!"

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಶಿವರತ್ನಮ್ಮನಿಗೆ ಅಷ್ಟು ಸೌಜನ್ಯವಿಲ್ಲ, ಬಿದ್ದು ಬಿದ್ದು ನಕ್ಕರು. ಅಂಜನಾಳ ಮುಖದಲ್ಲೂ ನಗುವಿತ್ತು. ಅದನ್ನು ನೋಡಿಯೇ ನನಗೆ ನಿಜವಾಗಿ ನಾಚಿಕೆಯಾಯಿತು. ಮೂರು ವರ್ಷ, ಹಬ್ಬ ಹಬ್ಬಕ್ಕೂ, ಗೊತ್ತಿದ್ದೂ ಅದನ್ನು ಉಟ್ಟುಕೊಂಡು ನನ್ನ ಮುಂದೆ ಓಡಾಡಿದ್ದಳಲ್ಲ! ಊರಿಗೆಲ್ಲ ನೇಯ್ದ ಕೈ ಮನೆಯವಳಿಗೆ ನೇಯಲಿಲ್ಲ.

"ಮಗ್ಗಕ್ಕೆ ಹೂಡೋ ಮುಂದಿನ ಹಾಸು ನಿನ್ನ ಸೀರೆಗೇ. ನೀಲಿ," ಎಂದೆ.

"ನೋಡಣ. ಮರಿ ಇರ್ಲಿ ಬಿಡಿ, ಇದರ ಜಾಗ ಇದಕ್ಕೆ ಗೊತ್ತಾಗ್ಯದೆ," ಎಂದು ಅಂಜನಾ ನೀಲಿ ಸೀರೆಯನ್ನು ಎತ್ತಿ, ಮಗ್ಗದ ಉದ್ದಕ್ಕೂ ಹೊದಿಸಿದಳು. "ಇದನ್ನ ಕಂಡ್ರೆ ಅದು ಅತ್ರ ಬರಲ್ಲ. ಇಷ್ಟು ದಿನಕ್ಕೆ ಒಂದು ಉಪಯೋಗಕ್ಕೆ ಬಂತು!"

ಅಂದಿನಿಂದ ನಾನು ಮಗ್ಗ ಬಿಟ್ಟೆದ್ದಾಗಲೆಲ್ಲ ಅದರ ಮೇಲೆ ನೀಲಿ ಸೀರೆ. ಲಾಳಿ ಆ ಕಡೆ ತಲೆ ಹಾಕುವುದಿಲ್ಲ, ಬಾಗಿಲು ತೆರೆದ ಬೋನಿನಲ್ಲಿ ಹಾಯಾಗಿರುತ್ತದೆ. ಬಂದ ಗಿರಾಕಿಗಳೆಲ್ಲ, "ಏನಿದು ಮಿಂಚೋ ಸೀರೆ?" ಎಂದು ಕೇಳುತ್ತಾರೆ. ಅಂಜನಾ ಅವರನ್ನು ಕೂರಿಸಿ, ನೀರು ಕೊಟ್ಟು, ಮೊದಲಿಂದ ಕಥೆ ಹೇಳುತ್ತಾಳೆ.

ಮಗ್ಗದ ಮೇಲೀಗ ಅವಳ ಸೀರೆ, ಅಪ್ಪಟ ರೇಷ್ಮೆ, ಅರ್ಧ ಮುಗಿದಿದೆ. ದಿನಾ ಸಂಜೆ ಅವಳು ಲಾಳಿಯನ್ನು ಎತ್ತಿಕೊಂಡು ಬಂದು, ಆ ದಿನ ನೇಯ್ದಷ್ಟನ್ನು ಮೂಸಿಸುತ್ತಾಳೆ. ಸಾಹೇಬರು ಒಪ್ಪಿ ಬಾಲ ಅಲ್ಲಾಡಿಸಿದ ಮೇಲೆಯೇ ನನಗೆ ಕಾಫಿ. ನಿನ್ನೆ ನನಗೂ ರೇಗಿತು.

"ಇದಕ್ಕೆ ನಾಯಿ ಯಾಕೆ? ನೀನೇ ಮುಟ್ಟಿ ನೋಡು. ನಿನ್ನ ಕೈಗೆ ಗೊತ್ತಾಗುತ್ತಲ್ಲ!"

"ಗೊತ್ತಾಯ್ತದೆ ಕಣ್ರೀ," ಎಂದಳು ಅಂಜನಾ, ಮರಿಯ ತಲೆ ಸವರುತ್ತಾ. "ಆದ್ರೆ ನಾನಾದ್ರೆ ಸುಮ್ಕಿದ್ಬುಡ್ತೀನಿ. ಇದು ಸೀನ್ಬುಡ್ತದೆ."